ಓದಿದವರ ನಾಲ್ಕು ಸಾಲಿಗೂ ಜಾಗ ಕೊಡಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ಅರಸೀಕೆರೆಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ರವಿಕೆ, ಲಂಗ, ಸೀರೆಗೆ ಫಾಲ್ಸ್, ಶಾಲೆ ಶುರುವಾಗುವ ಹೊತ್ತಿಗೆ ಮಕ್ಕಳ ಯೂನಿಫಾರಂ. 26 ವರ್ಷದಿಂದ ಇದೇ ಕೆಲಸ. ನಿಮ್ಮ ಪತ್ರಿಕೆಯನ್ನು ಅದಕ್ಕೂ ಮೊದಲಿಂದ ಓದುತ್ತಿದ್ದೇನೆ. ಪತ್ರ ಬರೆಯುತ್ತಿರುವುದು ಮಾತ್ರ ಇದೇ ಮೊದಲು.

ಪ್ರತಿ ಡಿಸೆಂಬರಿನಲ್ಲಿ ನೀವು ವರ್ಷದ ಪುಸ್ತಕಗಳು ಎಂದು ಒಂದು ಪುಟ ಮಾಡುತ್ತೀರಿ. ಲೇಖಕರು, ಪ್ರಾಧ್ಯಾಪಕರು, ನಾಟಕದವರು ತಮಗೆ ಇಷ್ಟವಾದ ಪುಸ್ತಕಗಳ ಹೆಸರು ಹೇಳುತ್ತಾರೆ. ಆ ಪುಟವನ್ನು ನಾನು ಕತ್ತರಿಸಿ ಇಟ್ಟುಕೊಳ್ಳುತ್ತೇನೆ. ಅದರಿಂದ ನನಗೆ ಒಳ್ಳೆಯ ಪುಸ್ತಕಗಳು ಸಿಕ್ಕಿವೆ. ಈ ಸಲ ಅದರ ಪಕ್ಕದಲ್ಲಿ ಇನ್ನೊಂದು ಪುಟ ಮಾಡಿ ಎಂದು ಕೇಳುವುದಕ್ಕೆ ಬರೆಯುತ್ತಿದ್ದೇನೆ. ಅದರಲ್ಲಿ ಓದುಗರು ಬರೆಯಲಿ. ವರ್ಷವಿಡೀ ತಾವು ಓದಿದ್ದರಲ್ಲಿ ಒಂದೋ ಎರಡೋ ಪುಸ್ತಕದ ಬಗ್ಗೆ, ಒಂದೊಂದಕ್ಕೆ ನಾಲ್ಕೇ ನಾಲ್ಕು ಸಾಲು. ಹೊಸ ಪುಸ್ತಕವೇ ಆಗಬೇಕೆಂದಿಲ್ಲ. ಐವತ್ತು ವರ್ಷ ಹಳೆಯದಾದರೂ ಆ ವರ್ಷ ಓದಿದವರಿಗೆ ಅದು ಆ ವರ್ಷದ ಪುಸ್ತಕವೇ ಅಲ್ವಾ?

ಯಾಕೆ ಕೇಳುತ್ತಿದ್ದೇನೆ ಎಂದು ಸ್ವಲ್ಪ ವಿವರವಾಗಿ ಹೇಳಬೇಕು.

ಚಿಕ್ಕವಳಿದ್ದಾಗ ನಮ್ಮ ಬೀದಿಯಲ್ಲಿ ಬಾಡಿಗೆ ಪುಸ್ತಕದ ಅಂಗಡಿ ಒಂದಿತ್ತು. ಸರ್ಕ್ಯುಲೇಟಿಂಗ್ ಲೈಬ್ರರಿ ಎನ್ನುತ್ತಿದ್ದರು. ದಿನಕ್ಕೆ ನಾಲ್ಕಾಣೆ. ಅಮ್ಮ ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ನನ್ನ ಕೈಗೆ ಚಿಲ್ಲರೆ ಕೊಟ್ಟು ಕಳಿಸುತ್ತಿದ್ದರು. "ತ್ರಿವೇಣಿಯವರದ್ದು ಬಂದಿದೆಯಾ ಕೇಳು. ಇಲ್ಲಾಂದ್ರೆ ಹಿಂದಿನ ಪುಟ ನೋಡಿ ತಗೊಂಡು ಬಾ." ಹಿಂದಿನ ಪುಟ ಎಂದರೆ ಪುಸ್ತಕದ ಕೊನೆಯ ಖಾಲಿ ಹಾಳೆ. ಅಲ್ಲಿ ಓದಿದ ಹೆಂಗಸರು ಪೆನ್ಸಿಲಿನಲ್ಲಿ ಬರೆದಿರುತ್ತಿದ್ದರು. "ಪರವಾಗಿಲ್ಲ." "ರಾತ್ರಿ ಓದಬೇಡಿ, ನಿದ್ದೆ ಬರೊಲ್ಲ." "ಮೊದಲ ಐವತ್ತು ಪುಟ ತಾಳ್ಮೆ ಬೇಕು." ಅಂಗಡಿಯವರು ರಬ್ಬರ್ ಹಿಡಿದು ಅಳಿಸುತ್ತಿದ್ದರು. ಆದರೂ ಅಚ್ಚು ಉಳಿದಿರುತ್ತಿತ್ತು. ಬೆಳಕಿಗೆ ಓರೆಯಾಗಿ ಹಿಡಿದರೆ ಓದಬಹುದಾಗಿತ್ತು.

'ಶರಪಂಜರ'ದ ಹಿಂದೆ ಯಾರೋ ಬರೆದಿದ್ದ ಸಾಲು ನನಗೆ ಇವತ್ತಿಗೂ ಬಾಯಿಪಾಠ. "ಕಾವೇರಿಗೆ ಮೊದಲ ಸಲ ಬಂದಿದ್ದು ಕಾಯಿಲೆ. ಎರಡನೇ ಸಲ ಹುಚ್ಚು ಹಿಡಿಸಿದ್ದು ಮನೆಯವರು." ಬಾಣಂತನದಲ್ಲಿ ಮನಸ್ಸು ಕೆಟ್ಟು, ವಾಸಿಯಾಗಿ ಮನೆಗೆ ಬಂದವಳನ್ನು ಯಾರೂ ಮೊದಲಿನ ಹಾಗೆ ನೋಡದೇ ಹೋಗುವ ಕತೆ ಅದು. ಅಷ್ಟೂ ಕಾದಂಬರಿ ಆ ಎರಡು ಸಾಲಿನಲ್ಲಿದೆ. ಬರೆದವರು ಯಾರೋ ಗೊತ್ತಿಲ್ಲ. ಶಿಕ್ಷಕಿಯಿರಬಹುದು, ಮನೆಯಲ್ಲಿ ಹಪ್ಪಳ ಮಾಡಿ ಮಾರುತ್ತಿದ್ದವರಿರಬಹುದು. ತ್ರಿವೇಣಿಯವರು 1963ರಲ್ಲಿ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ತಮ್ಮ ಪುಸ್ತಕದ ಹಿಂದೆ ಇಂಥ ಸಾಲು ಬರೆದವರಿದ್ದಾರೆ ಎಂದು ಅವರಿಗೆ ತಿಳಿದಿದ್ದರೆ ಎಷ್ಟು ಖುಷಿಪಡುತ್ತಿದ್ದರೋ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಆ ಬಾಡಿಗೆ ಅಂಗಡಿ ಮುಚ್ಚಿ ಯಾವ ಕಾಲವಾಯಿತು. ಟೀವಿ ಬಂತು, ಧಾರಾವಾಹಿ ಬಂತು. ಆ ಪೆನ್ಸಿಲ್ ಅಕ್ಷರಗಳು ಹೋದವು.

ನನ್ನ ಅಂಗಡಿಯಲ್ಲಿ ಉದ್ದನೆಯ ಲೆಕ್ಕದ ಪುಸ್ತಕ ಇದೆ. ಅಳತೆ ಪುಸ್ತಕ. ಎಡಗಡೆ ಗಿರಾಕಿಯ ಅಳತೆ: ಉದ್ದ, ಎದೆ, ಸೊಂಟ, ತೋಳು, ಮುಂದಿನ ಕತ್ತು, ಹಿಂದಿನ ಕತ್ತು. ಅದರ ಪಕ್ಕ ಆ ಬಟ್ಟೆಯ ಒಂದು ಚೂರು ಪಿನ್ ಮಾಡಿರುತ್ತೇನೆ, ಗುರುತಿಗೆ. ಬಲಗಡೆ ಪುಟ ಸುಮ್ನೆ ಖಾಲಿ ಇರುತ್ತಿತ್ತು. ಹತ್ತು ವರ್ಷದ ಹಿಂದೆ ಒಂದು ದಿನ, ಪುಸ್ತಕ ಓದಿ ಮುಗಿಸಿದವಳು ಮನಸ್ಸು ತಡೆಯದೆ ಆ ಬಲಗಡೆ ಪುಟದಲ್ಲಿ ನಾಲ್ಕು ಸಾಲು ಬರೆದೆ. ಆಮೇಲೆ ರೂಢಿಯಾಯಿತು. ಪುಟ ಗುರುತಿಗೆ ನಾನು ಇಡುವುದೂ ಬಟ್ಟೆಯ ಚೂರನ್ನೇ. ಪುಸ್ತಕ ಮುಗಿದ ಮೇಲೆ ಆ ಚೂರನ್ನು ತೆಗೆದು ನಾಲ್ಕು ಸಾಲಿನ ಪಕ್ಕ ಪಿನ್ ಮಾಡುತ್ತೇನೆ. ಈಗ ನನಗೆ ಗಿಳಿಹಸಿರು ರೇಷ್ಮೆ ಕಂಡರೆ 'ಕರ್ವಾಲೊ' ನೆನಪಾಗುತ್ತದೆ. ಯಾರದೋ ಮಗಳ ನಿಶ್ಚಿತಾರ್ಥದ ರವಿಕೆ ಅದು.

ನಾನು ಓದುವುದು ಕರೆಂಟು ಹೋದಾಗ. ಮೋಟಾರು ಮಷೀನು ನಿಂತ ತಕ್ಷಣ ಬಾಗಿಲ ಹತ್ತಿರ ಸ್ಟೂಲು ಎಳೆದುಕೊಂಡು ಕೂರುತ್ತೇನೆ. ಯುಗಾದಿ, ಗೌರಿ ಹಬ್ಬ, ಮದುವೆ ಸೀಸನ್ನಿನಲ್ಲಿ ಒಂದು ಪುಟವೂ ಆಗುವುದಿಲ್ಲ. ಆಷಾಢದಲ್ಲಿ ಜಾಸ್ತಿ ಆಗುತ್ತದೆ. ಈ ವರ್ಷ ಇಲ್ಲಿಯವರೆಗೆ 14 ಪುಸ್ತಕ. ಕಡಿಮೆಯೇ. ಆದರೆ ಅದರಲ್ಲಿ ಕೆಲವು ನನ್ನನ್ನು ಬಿಟ್ಟಿಲ್ಲ.

ಈ 2025 ನಮ್ಮ ಹಾಸನ ಜಿಲ್ಲೆಯವರಿಗೆ ದೊಡ್ಡ ವರ್ಷ. ಮೇ 20ರಂದು ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರಿಗೂ ಅನುವಾದ ಮಾಡಿದ ದೀಪಾ ಭಾಸ್ತಿ ಅವರಿಗೂ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಮೊದಲನೆಯದು. ಸಣ್ಣಕತೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಬಂದಿದ್ದೂ ಅದೇ ಮೊದಲು. ಮರುದಿನ ಅಂಗಡಿಗೆ ಬಂದವರೆಲ್ಲ ಅದೇ ಮಾತು. "ನಮ್ಮ ಹಾಸನದವರಂತೆ, ವಕೀಲರಂತೆ." ಆದರೆ ಕತೆ ಓದಿದ್ದೀರಾ ಎಂದರೆ ಹೆಚ್ಚಿನವರು ಇಲ್ಲ ಎಂದರು. ನಾನೂ ಓದಿರಲಿಲ್ಲ. ಜುಲೈನಲ್ಲಿ ಪುಸ್ತಕ ಸಿಕ್ಕಿತು. ಅವತ್ತು ಬರೆದ ಸಾಲುಗಳನ್ನು ಹಾಗೇ ಕೊಡುತ್ತೇನೆ:

"ಎದೆಯ ಹಣತೆ. ಗಂಡ ಇನ್ನೊಬ್ಬಳ ಹಿಂದೆ ಹೋಗಿದ್ದಾನೆ. ಮೆಹರುನ್ ತವರಿಗೆ ಹೋದರೆ ತವರಿನವರೇ ವಾಪಸು ತಂದು ಬಿಡುತ್ತಾರೆ. ಸೀಮೆಎಣ್ಣೆ ಸುರಿದುಕೊಂಡವಳನ್ನು ತಡೆಯುವುದು ದೊಡ್ಡವರಲ್ಲ, ಮಗಳು ಸಲ್ಮಾ. ಓದಿ ಮುಗಿಸಿ ಕತ್ತರಿ ಕೆಳಗಿಟ್ಟೆ. ಆ ದಿನ ಮತ್ತೆ ಬಟ್ಟೆ ಕತ್ತರಿಸಲಿಲ್ಲ."

ನೇರಳೆ ವಾಯಿಲ್ ಚೂರು.

ನನ್ನ ಅಂಗಡಿಗೆ ಬರುವವರಲ್ಲಿ ಇಂಥವರು ಇದ್ದಾರೆ. ಅಳತೆ ತೆಗೆಯುವಾಗ ತೋಳಿನ ಮೇಲಿನ ಕಲೆ ಕಾಣುತ್ತದೆ. ನಾನು ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ತೋಳು ಸ್ವಲ್ಪ ಉದ್ದ ಇಡಿ ಎನ್ನುತ್ತಾರೆ ಅಷ್ಟೇ. ಈ ಕತೆ ಓದಿದ ಮೇಲೆ ಅವರಲ್ಲಿ ಒಬ್ಬರಿಗೆ ಪುಸ್ತಕ ಕೊಟ್ಟೆ. ಓದಿ ವಾಪಸು ತಂದವರು ಏನೂ ಹೇಳಲಿಲ್ಲ. ಕೌಂಟರಿನ ಮೇಲಿದ್ದ ಅಳತೆ ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡು ನನ್ನ ಸಾಲುಗಳ ಕೆಳಗೆ ಒಂದೇ ಒಂದು ಸಾಲು ಬರೆದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ಅವರದ್ದು. ಆದರೆ ಬಾಯಲ್ಲಿ ಬರದ ಮಾತು ಪುಸ್ತಕದ ನೆಪದಲ್ಲಿ ಬರುತ್ತದೆ ಎಂದು ನನಗೆ ಅವತ್ತು ಗೊತ್ತಾಯಿತು.

ಸೆಪ್ಟೆಂಬರ್ 24ರಂದು ಭೈರಪ್ಪನವರು ಹೋದರು. ಅವರ ಊರು ಸಂತೇಶಿವರ, ನಮ್ಮ ಪಕ್ಕದ ಚನ್ನರಾಯಪಟ್ಟಣ ತಾಲ್ಲೂಕು. ಅವರ ಎಲ್ಲ ಮಾತಿಗೂ ನಾನು ಒಪ್ಪಿದವಳಲ್ಲ. ಆದರೆ 'ಗೃಹಭಂಗ'ಕ್ಕೆ ನಾನು ಸಾಲಗಾರಳು. 1970ರ ಪುಸ್ತಕ. ಕಾಲೇಜು ಮುಗಿಸಿದ ಹೊಸದರಲ್ಲಿ ಓದಿದ್ದೆ. ಅಕ್ಟೋಬರಿನಲ್ಲಿ ಮತ್ತೆ ತೆಗೆದೆ. ಆಗ ನನಗೆ ನಂಜಮ್ಮನ ಕಷ್ಟ ಕಂಡಿತ್ತು. ಈ ಸಲ ನಂಜಮ್ಮನ ಕೆಲಸ ಕಂಡಿತು. ಗಂಡ ಚೆನ್ನಿಗರಾಯನ ಶಾನುಭೋಗಿಕೆ ಹೆಸರಿಗಷ್ಟೇ. ಲೆಕ್ಕ ಬರೆಯುವವಳು ಅವಳು. ಮುತ್ತುಗದ ಎಲೆ ತಂದು, ಹಚ್ಚಿ, ಮಾರಿ ಮನೆ ನಡೆಸುವವಳು ಅವಳು. ಮಕ್ಕಳನ್ನು ಪ್ಲೇಗಿಗೆ ಕೊಟ್ಟ ಮೇಲೂ ಎದ್ದು ನಿಂತು ಕೆಲಸಕ್ಕೆ ಕೂರುವವಳು ಅವಳು. ಬಲಗಡೆ ಪುಟದಲ್ಲಿ ಹೀಗೆ ಬರೆದಿದ್ದೇನೆ:

"ಗೃಹಭಂಗ, ಎರಡನೇ ಸಲ. ಎಲೆ ಹಚ್ಚುವವಳು, ಬಟ್ಟೆ ಹೊಲಿಯುವವಳು ಒಂದೇ ಜಾತಿ. ಅವಳು ಸತ್ತ ಪುಟದಲ್ಲಿ ಈ ಸಲವೂ ಅತ್ತೆ. ಆದರೆ ಕೊನೆಗೆ ಅವಳ ಮಗ ವಿಶ್ವನ ಕೈ ಹಿಡಿದು ಹೊರಡುವ ಮಾದೇವಯ್ಯನವರನ್ನು ಮೊದಲ ಓದಿನಲ್ಲಿ ಯಾಕೆ ಗಮನಿಸಲಿಲ್ಲ?"

ಕಂದು ಕಾಟನ್. ಅಮ್ಮನ ಹಳೇ ಸೀರೆಯದ್ದು.

ಕಾಯಂ ಗಿರಾಕಿ ಒಬ್ಬರಿದ್ದಾರೆ, ನಿವೃತ್ತ ಮೇಡಂ. ಇದನ್ನು ಓದಿ ನನ್ನ ಜೊತೆ ಅರ್ಧ ಗಂಟೆ ವಾದ ಮಾಡಿದರು. ಇಷ್ಟು ದುಃಖ ಒಂದೇ ಹೆಂಗಸಿನ ತಲೆಗೆ ಕಟ್ಟಬಾರದಿತ್ತು ಎಂದು ಅವರ ವಾದ. ಬರೆಯಿರಿ ಎಂದೆ. ಬರೆದರು. ನನ್ನದರ ಕೆಳಗೇ ಇದೆ.

ಹೀಗೆ ಒಬ್ಬರಾದ ಮೇಲೆ ಒಬ್ಬರು ಬರೆಯತೊಡಗಿದರು. ಈಗ 11 ಜನ. ಕಾಯುವ ಹೊತ್ತಿನಲ್ಲಿ ಕೌಂಟರಿನ ಮೇಲಿನ ಪುಸ್ತಕ ತಿರುವಿ ಹಾಕುತ್ತಾರೆ, "ಇದು ಯಾವುದು? ನಿಮ್ಮ ಹತ್ತಿರ ಇದೆಯಾ?" ಎಂದು ಕೇಳುತ್ತಾರೆ. ಪೇಟೆಯಲ್ಲಿ ಹೂ ಮಾರುವವರು ಇದ್ದಾರೆ. ರೈಲ್ವೆಯಲ್ಲಿ ಕೆಲಸ ಮಾಡುವವರ ಹೆಂಡತಿ ಇದ್ದಾರೆ. ಪಿಯುಸಿ ಓದುವ ಹುಡುಗಿ ಇದ್ದಾಳೆ.

ಆ ಹುಡುಗಿಯ ಮಾತು ಹೇಳಲೇಬೇಕು. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ನನಗೆ ಪ್ರಾಣ. ಬಾಲ್ಯದಲ್ಲೇ ಗಂಡ ಸತ್ತು, ತಲೆ ಬೋಳಿಸಿಕೊಂಡು, ಇಡೀ ಜೀವನ ಬೇರೆಯವರಿಗಾಗಿ ದುಡಿದ ಹೆಂಗಸು. ಯಾರನ್ನೂ ಬೈಯದೆ, ಒಳಗೇ ದೊಡ್ಡವಳಾದವಳು. ನಾನು ಅದನ್ನೇ ಬರೆದಿದ್ದೆ. ಹುಡುಗಿ ಓದಿ ತಂದು ನನ್ನ ಸಾಲಿನ ಕೆಳಗೆ ಬರೆದಳು: "ಫಣಿಯಮ್ಮನ ತಾಳ್ಮೆ ನೋಡಿ ನನಗೆ ಸಿಟ್ಟು ಬಂತು. ತಲೆ ಬೋಳಿಸಿಕೊಳ್ಳೋದಿಲ್ಲ ಅಂತ ಹಟ ಹಿಡಿದ ದಾಕ್ಷಾಯಿಣಿ ನನ್ನ ನಾಯಕಿ. ಆದರೆ ಅವಳ ಪರವಾಗಿ ನಿಂತಿದ್ದು ಫಣಿಯಮ್ಮನೇ, ಅದಕ್ಕೆ ಕ್ಷಮಿಸಿದೆ." ನಾನು ಎಷ್ಟು ವರ್ಷ ಆ ಪುಸ್ತಕ ಓದಿದ್ದೇನೆ. ಆ ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ನೋಡಿರಲಿಲ್ಲ. ಹದಿನೇಳು ವರ್ಷದವಳು ನಿಲ್ಲಿಸಿ ತೋರಿಸಿದಳು.

'ಘಾಚರ್ ಘೋಚರ್' ಒಂದೇ ದಿನದಲ್ಲಿ ಮುಗಿಯಿತು, ಸಬ್‌ಸ್ಟೇಷನ್ ರಿಪೇರಿ ಎಂದು ಬೆಳಗಿನಿಂದ ಸಂಜೆವರೆಗೆ ಕರೆಂಟು ಇಲ್ಲದ ದಿನ. ದುಡ್ಡು ಬಂದ ಮೇಲೆ ಒಂದು ಮನೆ ಹೇಗೆ ಬದಲಾಗುತ್ತದೆ ಎಂಬುದನ್ನು ವಿವೇಕ ಶಾನಭಾಗ ಅವರು ಎಷ್ಟು ಮೆಲ್ಲಗೆ ಹೇಳಿದ್ದಾರೆ! ಆ ಹೆಸರು ಎಲ್ಲಿಂದ ಬಂತು ಎಂದು ಓದಿದಾಗ ನನಗೆ ಮೈ ಜುಂ ಎಂದಿತು. ಲಂಗದ ಲಾಡಿ ಬಿಚ್ಚಲಾರದಷ್ಟು ಸಿಕ್ಕಾದಾಗ ಹೆಂಡತಿ ಹೇಳುವ ಮಾತು ಅದು. ಅವಳೂ ಅವಳ ತಮ್ಮನೂ ಚಿಕ್ಕಂದಿನಲ್ಲಿ ಕಟ್ಟಿಕೊಂಡಿದ್ದ ಪದ. ದಿನಾ ಹತ್ತು ಲಂಗಕ್ಕೆ ಲಾಡಿ ಹಾಕುವವಳು ನಾನು. ಸಿಕ್ಕು ಬಿಡಿಸುವುದಕ್ಕೆ ದಬ್ಬಳ ಬೇಕು, ಬೆಳಕು ಬೇಕು, ಆತುರ ಪಡಬಾರದು. ಎಳೆದಷ್ಟೂ ಬಿಗಿಯುತ್ತದೆ. ಆ ಮನೆಯವರು ಎಳೆಯುತ್ತಲೇ ಹೋದರು.

'ಕರ್ವಾಲೊ'ವನ್ನು ನಾನು ಓದಿದ್ದಲ್ಲ, ಓದಿ ಹೇಳಿದ್ದು. ನನ್ನ ಯಜಮಾನರು ತೆಂಗಿನ ತೋಟ ನೋಡಿಕೊಳ್ಳುತ್ತಾರೆ. ಪುಸ್ತಕ ಹಿಡಿಯುವವರಲ್ಲ. ರಾತ್ರಿ ಊಟವಾದ ಮೇಲೆ ದಿನಕ್ಕೆ ಹತ್ತು ಪುಟದಂತೆ ಓದಿದೆ. ಊರವರ ಕಣ್ಣಿಗೆ ಮಂದಣ್ಣ ದಡ್ಡ. ಕರ್ವಾಲೊ ಅವರ ಕಣ್ಣಿಗೆ ಅವನು ಕಾಡಿನ ಹುಳು ಹುಪ್ಪಟೆಗಳನ್ನೆಲ್ಲ ಬಲ್ಲ ಹುಟ್ಟು ವಿಜ್ಞಾನಿ. ಕೊನೆಗೆ ಆ ಹಾರುವ ಓತಿ ಕೈಗೆ ಸಿಗದೆ ಕಣಿವೆಯ ಮೇಲೆ ತೇಲಿ ಹೋದಾಗ ಯಜಮಾನರು ಸುಮ್ಮನೆ ಕೂತಿದ್ದರು. ಬೆಳಿಗ್ಗೆ ಎದ್ದು ಹೇಳಿದರು, "ನಮ್ಮ ತೋಟಕ್ಕೆ ಕಾಯಿ ಕೀಳಲು ಬರುತ್ತಾನಲ್ಲ, ಅವನನ್ನು ನಾನು ಯಾವತ್ತೂ ಏನೂ ಕೇಳಿಲ್ಲ. ಮರದ ಮೇಲೆ ಏನೇನು ನೋಡಿದ್ದಾನೋ." ಅದನ್ನೇ ಅಳತೆ ಪುಸ್ತಕದಲ್ಲಿ ಬರೆದೆ, ಅವರ ಹೆಸರಿನಲ್ಲಿ. ತೇಜಸ್ವಿಯವರ ಪುಸ್ತಕದ ಬಗ್ಗೆ ನೂರಾರು ಲೇಖನ ಬಂದಿರಬಹುದು. ಒಬ್ಬ ತೆಂಗು ಬೆಳೆಗಾರನ ಈ ಮಾತು ಯಾವುದರಲ್ಲೂ ಇರಲಾರದು.

ಎಲ್ಲವೂ ಹೀಗೆ ಹಿಡಿಸುತ್ತದೆ ಎಂದಲ್ಲ. ಈ 14ರಲ್ಲಿ ಮೂರನ್ನು ಅರ್ಧಕ್ಕೆ ಬಿಟ್ಟೆ. ಒಂದರಲ್ಲಿ ಅಕ್ಷರ ತಪ್ಪು ಎಷ್ಟಿತ್ತೆಂದರೆ ಓದು ಮುಂದೆ ಸಾಗಲಿಲ್ಲ. ಅದನ್ನೂ ಬರೆದಿಟ್ಟಿದ್ದೇನೆ. ದೇವನೂರ ಮಹಾದೇವ ಅವರ 'ಕುಸುಮಬಾಲೆ' ಎರಡು ಸಲ ಸೋಲಿಸಿತ್ತು. ಮೂರನೇ ಸಲ, ನಂಜನಗೂಡು ಕಡೆಯಿಂದ ಸೊಸೆಯಾಗಿ ಬಂದ ಹುಡುಗಿ ರವಿಕೆ ಹೊಲಿಸಲು ಬಂದಾಗ ಕೈಗೆ ಕೊಟ್ಟು, ಜೋರಾಗಿ ಓದು ಎಂದೆ. ಅವಳು ತನ್ನ ಊರಿನ ರಾಗದಲ್ಲಿ ಓದಿದಳು. ಜೋತಮ್ಮಂದಿರು, ಅಂದರೆ ಮನೆಮನೆಯ ದೀಪಗಳು, ರಾತ್ರಿ ಒಂದು ಕಡೆ ಸೇರಿ ಸುಖದುಃಖ ಮಾತಾಡುವ ಜಾಗ ಬಂದಾಗ ಅಂಗಡಿಯಲ್ಲಿದ್ದ ನಾಲ್ಕೂ ಜನ ಕೆಲಸ ಬಿಟ್ಟು ಕೇಳಿದೆವು. ನನ್ನ ಟಿಪ್ಪಣಿಯಲ್ಲಿ ಇರುವುದು ಒಂದೇ ಸಾಲು: "ಕಣ್ಣಲ್ಲಿ ಓದಬೇಡಿ, ಕಿವಿಯಲ್ಲಿ ಓದಿ." ನಾಲ್ಕನೇ ಸಲ ಅದನ್ನು ಎತ್ತಿಕೊಳ್ಳುವವರಿಗೆ ಈ ಒಂದು ಸಾಲು ಸಹಾಯ ಮಾಡಿದರೆ ಸಾಕು.

ಈಗ ನನಗೆ ನೋವಾದ ಒಂದು ವಿಷಯ. ಎರಡು ವರ್ಷದ ಹಿಂದೆ ಒಂದು ಪುಸ್ತಕ ಬಿಡುಗಡೆಗೆ ಹೋಗಿದ್ದೆ. ಯಾವ ಊರು, ಯಾರ ಪುಸ್ತಕ ಎಂಬುದು ಬೇಡ. ವೇದಿಕೆಯ ಮೇಲಿದ್ದ ಒಬ್ಬರು, ಈಗ ಎಲ್ಲರೂ ಪುಸ್ತಕದ ಬಗ್ಗೆ ಬರೆಯಲು ಶುರು ಮಾಡಿದ್ದಾರೆ, ವಿಮರ್ಶೆಗೆ ಯೋಗ್ಯತೆ ಬೇಕು ಎಂದರು. ಸಭೆ ಚಪ್ಪಾಳೆ ತಟ್ಟಿತು. ನಾನು ತಟ್ಟಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಅದೇ ಮಾತು ಕೊರೆಯುತ್ತಿತ್ತು. ಒಂದು ತಿಂಗಳು ಬಲಗಡೆ ಪುಟದಲ್ಲಿ ಏನೂ ಬರೆಯಲಿಲ್ಲ.

ಅವರಿಗೆ ಉತ್ತರ ಕೊಡುವಷ್ಟು ಮಾತು ಆಗ ನನ್ನಲ್ಲಿ ಇರಲಿಲ್ಲ. ಈಗ ಇದೆ. ನಾವು ಬರೆಯುವುದು ವಿಮರ್ಶೆ ಅಲ್ಲ. ವಿಮರ್ಶಕರ ಕೆಲಸ ಬೇರೆ. ಆ ಪುಸ್ತಕ ಯಾವ ಪರಂಪರೆಯಿಂದ ಬಂತು, ಭಾಷೆಯಲ್ಲಿ ಏನು ಹೊಸದು ಮಾಡಿತು ಎಂದು ಅವರು ಹೇಳಬೇಕು. ಅದನ್ನು ನಾನು ಆಸೆಯಿಂದ ಓದುತ್ತೇನೆ. ನಾವು ಬರೆಯುವುದು, ಈ ಪುಸ್ತಕ ಇಂಥ ದಿನ, ಇಂಥ ಕಡೆ ಕೂತಿದ್ದ ನನಗೆ ಏನು ಮಾಡಿತು ಎಂದು. ರವಿಕೆ ಹೊಲಿದವಳಿಗೆ ಹೊಲಿಗೆ ಗೊತ್ತು. ಅದು ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ತೊಟ್ಟವರೇ ಹೇಳಬೇಕು. ಗಿರಾಕಿ ಕಂಕುಳಲ್ಲಿ ಎಳೆಯುತ್ತದೆ ಎಂದರೆ ನಿನಗೆ ಯೋಗ್ಯತೆ ಇಲ್ಲ ಎಂದು ನಾನು ಹೇಳುವುದಿಲ್ಲ. ಹೊಲಿಗೆ ಬಿಚ್ಚಿ ನೋಡುತ್ತೇನೆ.

ಇನ್ನೊಂದು ಮಾತು. ಕನ್ನಡ ಪುಸ್ತಕದ ಮೊದಲ ಹಾಳೆ ತಿರುಗಿಸಿ ನೋಡಿ. "ಪ್ರತಿಗಳು: 1000" ಎಂದು ಇರುತ್ತದೆ. ಕೆಲವದರಲ್ಲಿ 500. 2011ರ ಜನಗಣತಿಯಲ್ಲಿ ಕನ್ನಡ ಮನೆಮಾತಿನವರು 4 ಕೋಟಿಗೂ ಜಾಸ್ತಿ. ಅಷ್ಟು ಜನಕ್ಕೆ ಸಾವಿರ ಪುಸ್ತಕ! ಓದುವವರಿಲ್ಲ ಎನ್ನುತ್ತಾರೆ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ನನ್ನ ಸಣ್ಣ ಅಂಗಡಿಯಲ್ಲಿ ಯಾವ ಪ್ರಚಾರವೂ ಇಲ್ಲದೆ 11 ಜನ ಓದುತ್ತಿದ್ದಾರೆ. ಅವರಿಗೆ ಬೇಕಿದ್ದದ್ದು ಪುಸ್ತಕದ ಹೆಸರು ಅಷ್ಟೇ ಅಲ್ಲ, ತಮ್ಮಂಥವರೊಬ್ಬರು ಅದನ್ನು ಓದಿ "ಇದು ನಿಮಗೂ ಹಿಡಿಸಬಹುದು" ಎಂದು ಹೇಳುವುದು.

ಗ್ರಂಥಾಲಯಗಳಿಗೂ ಇದು ಬೇಕು. 1965ರ ಕಾಯ್ದೆಯಿಂದಾಗಿ ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಸೇರಿರುತ್ತದೆ. ಅದು ನಮ್ಮದೇ ದುಡ್ಡಿನ ಪುಸ್ತಕ. ಈಗ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ. ಹಳ್ಳಿಯ ಮಕ್ಕಳು ಅಲ್ಲಿಗೆ ಹೋಗುತ್ತಿದ್ದಾರೆ. ಆದರೆ ಕಪಾಟಿನ ಮುಂದೆ ನಿಂತ ಮಗುವಿಗೆ ಯಾವುದನ್ನು ಎತ್ತಿಕೊಳ್ಳಬೇಕು ಎಂದು ಹೇಗೆ ತಿಳಿಯಬೇಕು? ಬೆನ್ನು ಮಾತ್ರ ಕಾಣುತ್ತದೆ, ಅದೂ ಎಷ್ಟೋ ಸಲ ಬೈಂಡ್ ಮಾಡಿ ಹೆಸರು ಅಳಿಸಿಹೋಗಿರುತ್ತದೆ. ಪ್ರತಿ ಪುಸ್ತಕಕ್ಕೂ ಅದರದೇ ಓದುಗ ಇದ್ದಾನೆ ಎಂದು ಗ್ರಂಥಾಲಯ ಶಾಸ್ತ್ರದ ಎಸ್.ಆರ್. ರಂಗನಾಥನ್ ಅವರು 1931ರಲ್ಲೇ ಬರೆದಿದ್ದರು. ಅವರು ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. ಆ ಓದುಗನಿಗೂ ಆ ಪುಸ್ತಕಕ್ಕೂ ಭೇಟಿ ಮಾಡಿಸುವುದು ಪಕ್ಕದ ಮನೆಯವರ ನಾಲ್ಕು ಸಾಲು. ನಿಮ್ಮ ಪುಟವನ್ನು ಕತ್ತರಿಸಿ ಒಬ್ಬ ಮೇಲ್ವಿಚಾರಕಿ ಅರಿವು ಕೇಂದ್ರದ ಗೋಡೆಗೆ ಅಂಟಿಸಿದರೆ, ಅದೇ ಒಂದು ದೊಡ್ಡ ಕೆಲಸ.

ಸಂಪಾದಕರೇ, ಪುಟ ಮಾಡುವುದಾದರೆ ಕೆಲವು ಕೋರಿಕೆ. ನಮ್ಮ 11 ಜನ ಕೂತು ಮಾತಾಡಿಕೊಂಡಿದ್ದು ಇದು.

ಕಾರ್ಡಿನಲ್ಲಿ ಬರೆದು ಕಳಿಸಲು ಅವಕಾಶ ಇರಲಿ. ಫೋನಿನಲ್ಲಿ ಟೈಪ್ ಮಾಡಲು ಬಾರದವರು ಬಹಳ ಜನ, ಅವರೇ ಜಾಸ್ತಿ ಓದಿರುತ್ತಾರೆ. ಬರೆದವರು ಯಾವ ಊರು, ಏನು ಕೆಲಸ ಎಂದು ಹಾಕಿ. ಬಸ್ ಕಂಡಕ್ಟರ್ ಒಬ್ಬರು ಇಷ್ಟಪಟ್ಟ ಪುಸ್ತಕ ಎಂದು ಗೊತ್ತಾದರೆ ಇನ್ನೊಬ್ಬ ಕಂಡಕ್ಟರ್ ಅದನ್ನು ಹುಡುಕುತ್ತಾರೆ. ಪುಸ್ತಕ ಎಲ್ಲಿ ಸಿಕ್ಕಿತು ಎಂದೂ ಬರೆಯಲಿ: ಕೊಂಡದ್ದೋ, ಎರವಲೋ, ಗ್ರಂಥಾಲಯದ್ದೋ. ಇಷ್ಟವಾಗಲಿಲ್ಲ ಎಂದು ಬರೆದರೆ ಅದನ್ನೂ ಹಾಕಿ, ಆದರೆ ಯಾಕೆ ಎಂದು ಹೇಳಿರಬೇಕು. ಬರೆದವರ ಭಾಷೆಯನ್ನು ದಯವಿಟ್ಟು ತಿದ್ದಬೇಡಿ. ಕಾಗುಣಿತ ಸರಿಮಾಡಿ, ಸಾಕು. ನಮ್ಮ ಹೂವಿನವರು 'ಮಲೆಗಳಲ್ಲಿ ಮದುಮಗಳು' ಓದಿ ಬರೆದದ್ದು ಇದು: "ಮೂರು ತಿಂಗಳು ಹಿಡೀತು. ಗುತ್ತಿ ನಾಯಿ 'ಹುಲಿಯ' ತುಂಗೆ ಹೊಳೇಲಿ ಕೊಚ್ಚಿ ಹೋದಾಗ ನಮ್ಮ ಮನೆ ನಾಯೀನ ಕರೆದು ಪಕ್ಕ ಮಲಗಿಸಿಕೊಂಡೆ." ಇದನ್ನು ಯಾರಾದರೂ ತಿದ್ದಿ ಚೆಂದ ಮಾಡಲು ಹೋದರೆ ಏನು ಉಳಿಯುತ್ತದೆ ಹೇಳಿ? ಕುವೆಂಪು ಅವರ ಅಷ್ಟು ದೊಡ್ಡ ಕಾದಂಬರಿಯಲ್ಲಿ ಅವರಿಗೆ ಉಳಿದದ್ದು ನಾಯಿ. ಅದಕ್ಕೆ ಅವರ ಹತ್ತಿರ ಕಾರಣ ಇದೆ. ಆ ನಾಯಿ ರಾತ್ರಿ ಎರಡು ಗಂಟೆಗೆ ಅವರ ಜೊತೆ ಹೂವಿನ ಮಾರ್ಕೆಟ್ಟಿಗೆ ನಡೆದು ಹೋಗುತ್ತದೆ.

ಇನ್ನು, ಲೇಖಕರ ಸ್ನೇಹಿತರು, ಪ್ರಕಾಶಕರ ಕಡೆಯವರು ಹೊಗಳಿ ಬರೆಯುವ ಸಾಧ್ಯತೆ ಇದೆ. ಅದನ್ನು ಕಂಡುಹಿಡಿಯುವುದು ಕಷ್ಟವಲ್ಲ ಎಂದು ನನಗೆ ಅನಿಸುತ್ತದೆ. ಓದದೆ ಹೊಗಳಿದವರ ಸಾಲಿನಲ್ಲಿ ಅದ್ಭುತ, ಅನನ್ಯ, ಎಲ್ಲರೂ ಓದಲೇಬೇಕು ಎಂಬ ಮಾತು ಇರುತ್ತದೆ. ಓದಿದವರ ಸಾಲಿನಲ್ಲಿ ಒಂದು ನಾಯಿ ಇರುತ್ತದೆ, ಒಂದು ಲಾಡಿ ಇರುತ್ತದೆ, ಎಲ್ಲಿ ಕೂತು ಓದಿದೆ ಎಂಬುದು ಇರುತ್ತದೆ.

ಜಾಗ ಇಲ್ಲ ಎನ್ನಬೇಡಿ. ಪೂರ್ತಿ ಪುಟ ಕಷ್ಟವಾದರೆ ಈ ವಾಚಕರ ಪತ್ರದ ಕಾಲಂನಲ್ಲೇ ಡಿಸೆಂಬರ್ ಕೊನೆಯ ವಾರ ದಿನಕ್ಕೆ ಆರು ಟಿಪ್ಪಣಿ ಹಾಕಿ. ಏಳು ದಿನಕ್ಕೆ 42 ಪುಸ್ತಕ. ಅದರಲ್ಲಿ ಪ್ರತಿಯೊಬ್ಬ ಓದುಗರಿಗೂ ಒಂದಾದರೂ ಹೊಸ ಹೆಸರು ಸಿಗುತ್ತದೆ. ಪ್ರಶಸ್ತಿ, ಬಹುಮಾನ ಏನೂ ಬೇಡ. ಅಂಕವೂ ಬೇಡ, ನಕ್ಷತ್ರವೂ ಬೇಡ. ನಂಜಮ್ಮನಿಗೆ ಐದರಲ್ಲಿ ಎಷ್ಟು ಕೊಡುತ್ತೀರಿ?

ಈ ಪತ್ರದ ಜೊತೆ ನಮ್ಮ 11 ಜನರ ಕಾರ್ಡುಗಳನ್ನು ಇಟ್ಟಿದ್ದೇನೆ. ಒಂದೊಂದರ ಮೂಲೆಯಲ್ಲೂ ಬಟ್ಟೆಯ ಚೂರು ಇದೆ. ಅದನ್ನು ಅಚ್ಚು ಮಾಡಲಾಗದು ಎಂದು ಗೊತ್ತು. ಆದರೂ ತೆಗೆಯಲು ಮನಸ್ಸು ಬರಲಿಲ್ಲ, ನೀವಾದರೂ ನೋಡಿ ಎಂದು ಬಿಟ್ಟೆ.

ನನ್ನ ಹದಿನೈದನೇ ಪುಸ್ತಕದ ಕಾರ್ಡು ಇದರಲ್ಲಿ ಇಲ್ಲ. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಹಿಡಿದಿದ್ದೇನೆ. ಕೋಡಿ ಗ್ರಾಮದಲ್ಲಿ ಮಳೆ, ಹೊಳೆ, ಸಮುದ್ರ. ಪಾರೋತಿ, ಸರಸೋತಿ ಇಬ್ಬರೂ ಎಡೆಬಿಡದೆ ದುಡಿಯುತ್ತಿದ್ದಾರೆ. ರಾಮ ಐತಾಳರಿಗೆ ಎರಡನೇ ಮದುವೆ ಆಗಿದೆ. ಮೊದಲ ಹೆಂಡತಿ ಪಾರೋತಿಯ ಮನಸ್ಸಿನಲ್ಲಿ ಏನಿದೆ ಎಂದು ಕಾರಂತರು ಜಾಸ್ತಿ ಹೇಳುತ್ತಿಲ್ಲ, ನಾನು ಕಾಯುತ್ತಿದ್ದೇನೆ. ಮದುವೆ ಸೀಸನ್ ಬಂದಿದೆ, ಕರೆಂಟೂ ಸರಿಯಾಗಿ ಇದೆ. ಕೆಂಪು ಖಣದ ಚೂರು ಮೂರು ದಿನದಿಂದ ಅದೇ ಪುಟದಲ್ಲಿದೆ.

ಇತಿ ನಿಮ್ಮ ಓದುಗಳು,
ಒಬ್ಬ ಟೈಲರ್, ಅರಸೀಕೆರೆ